ರೈಟರ ಮನೆಯ ಪುಡಿ

ಸಕಲೇಶಪುರದಲ್ಲಿ ನಮ್ಮದೊಂದು ಸಣ್ಣ ಕಾಫಿಪುಡಿ ಅಂಗಡಿ. ಬೀಜ ಹುರಿದು, ಪುಡಿ ಮಾಡಿ, ಕೇಳಿದಷ್ಟು ಚಿಕೋರಿ ಬೆರೆಸಿ ಕೊಡುತ್ತೇವೆ. ಅಪ್ಪನಿಗೆ ಓದು ಬರಹ ಬಾರದು. ಆದರೆ ಯಾವ ಮನೆಗೆ ಎಷ್ಟು ಚಿಕೋರಿ ಎಂಬುದು ಬಾಯಿಪಾಠ. ಕಾಫಿ ಬೆಳೆಯುವ ಸೀಮೆಯಲ್ಲಿ ಚಿಕೋರಿ ಕುಡಿಯುತ್ತೇವೆ ಎಂದು ಹೇಳಿಕೊಳ್ಳಲು ಜನಕ್ಕೆ ನಾಚಿಕೆ. ಹಾಗಾಗಿ ಅಪ್ಪ ಅದನ್ನು ಗಿರಾಕಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳುತ್ತಿದ್ದರು. ಒಬ್ಬರ ಮನೆಯದನ್ನು ಇನ್ನೊಬ್ಬರ ಮುಂದೆ ಎಂದೂ ಹೇಳಿದವರಲ್ಲ.

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಬಿ.ಕಾಂ. ಅದರ ಸರ್ಟಿಫಿಕೇಟಿಗೆ ಅಪ್ಪ ಕಟ್ಟು ಹಾಕಿಸಿ ಅಂಗಡಿ ಗೋಡೆಗೇ ತೂಗುಹಾಕಿದ್ದಾರೆ. ಪ್ಯಾಕೆಟ್ ಪುಡಿ ಬಂದು ನಮ್ಮ ಮೆಷಿನ್ನು ಮಧ್ಯಾಹ್ನವೆಲ್ಲ ಸುಮ್ಮನೆ ನಿಲ್ಲತೊಡಗಿದಾಗ, ಇನ್‌ಸ್ಟಾಗ್ರಾಂನಲ್ಲಿ ವಿಡಿಯೊ ಹಾಕೋಣ ಎಂದವಳು ನಾನೇ. ಹಾಕುವಾಗಲೆಲ್ಲ ಅಳುಕು. ಯಾರೂ ನೋಡದಿದ್ದರೆ ಅವಮಾನ, ನೋಡಿದರೆ ಏನನ್ನುತ್ತಾರೋ ಎಂಬ ಭಯ.

"ನೀನು ಓದ್ದೋಳು, ನೋಡ್ಕಳವ್ವ" ಎಂದುಬಿಟ್ಟರು ಅಪ್ಪ.

ಒಂದು ಸಂತೆ ದಿನ ಮೆಷಿನ್ನಿನಿಂದ ಪುಡಿ ಬೀಳುವುದನ್ನು ಫೋನಿನಲ್ಲಿ ಹಿಡಿದೆ. ಹಾಡು ಸೇರಿಸಲಿಲ್ಲ. ಅಂಗಡಿಯ ಸದ್ದೇ ಇರಲಿ, ಜನಕ್ಕೆ ಹಿಡಿಸುತ್ತದೆ ಎಂದುಕೊಂಡೆ. ಹಿಡಿಸಿತು. ಮೈಸೂರಿನಿಂದೆಲ್ಲ ಪುಡಿ ಕೇಳಿ ಫೋನು ಬಂತು.

ಆದರೆ ವಿಡಿಯೊದ ಕೊನೆಯಲ್ಲಿ, ಮೆಷಿನ್ನು ನಿಂತ ಮೇಲೆ, ನಾನು ಗಮನಿಸದೆ ಬಿಟ್ಟ ಅಪ್ಪನ ದನಿ ಸ್ಪಷ್ಟವಾಗಿತ್ತು. "ರೈಟ್ರೇ, ನಿಮ್ದು ಅರವತ್ತು ನಲವತ್ತೇ ತಾನೆ?"

ಅಂದರೆ ನೂರಕ್ಕೆ ನಲವತ್ತು ಪಾಲು ಚಿಕೋರಿ. ಆ ರೈಟರು ಹೆಗ್ಗದ್ದೆ ಕಡೆಯವರು. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು ನಿವೃತ್ತರಾದವರು. ಯಾವ ಮದುವೆ ಊಟಕ್ಕೆ ಹೋದರೂ "ಚಿಕೋರಿ ಹಾಕಿದ್ದು ಕಾಫಿನೇನ್ರಯ್ಯ? ಬಣ್ಣದ ನೀರು" ಎನ್ನುವವರು. ನನ್ನ ಕಾಲೇಜಿನ ಅರ್ಜಿ ತುಂಬಿ, ಅಪ್ಪನ ಹೆಬ್ಬೆಟ್ಟು ಒತ್ತಿಸಿ, ಫೀಸು ಕಟ್ಟುವ ದಿನ ಜೊತೆಗೆ ಬಂದವರೂ ಅವರೇ.

ಮುಂದಿನ ಸಂತೆಗೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕಾರಣವನ್ನು ಅವರ ಊರಿನ ಗಿರಾಕಿಯೊಬ್ಬ ನಗುನಗುತ್ತ ಹೇಳಿದ: "ಹಾಲಿನ ಡೈರಿ ತಾವ ಈಗ ಅವರನ್ನ ಯಾರೂ ರೈಟ್ರು ಅನ್ನಾಕಿಲ್ಲ ಕಣಕ್ಕ. ಅರವತ್ತು ನಲವತ್ತು ಬಂದ್ರು ನೋಡ್ರೋ ಅಂತಾರೆ!"

ವಿಡಿಯೊ ಅಳಿಸಿ ಮರುದಿನವೇ ಬಸ್ಸು ಹತ್ತಿದೆ. ರೈಟರು ಜಗಲಿಯಲ್ಲಿ ಕೂತಿದ್ದರು.

"ಬಾರವ್ವ. ಫೋನ್ ತಂದಿದ್ದೀಯೋ?"

"ತಪ್ಪಾಯ್ತು ಮಾವ. ಅಳಿಸ್ಬುಟ್ಟೆ."

"ಫೋನಿಂದ ಅಳಿಸ್ದೆ. ಡೈರಿ ತಾವ ಕುಂತೋರ ಬಾಯಿಂದ ಅಳಿಸ್ತೀಯಾ?"

ಅವರ ಹೆಂಡತಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಆ ಮನೆಯಲ್ಲಿ ಕಾಫಿ ಕೊಡದೆ ನನ್ನನ್ನು ಕಳಿಸಿದ್ದು ಅದೇ ಮೊದಲು.

ಹೊರಡುವಾಗ ರೈಟರು, "ನಿಮ್ಮಪ್ಪನ ಮೇಲೆ ಸಿಟ್ಟಿಲ್ಲ ಕಣವ್ವ. ಆದ್ರೆ ಅಂಗಡಿ ಮೆಟ್ಲು ಹತ್ತಾಕೆ ಮನಸ್ಸಾಗಾಕಿಲ್ಲ" ಎಂದರು.

ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಿಡಿಯೊ ನಿಲ್ಲಿಸಲು ನನಗೂ ಆಗಿಲ್ಲ. ಹೊರಗಿನ ಗಿರಾಕಿಗಳಿಂದಲೇ ಈಗ ಮೆಷಿನ್ನು ತಿರುಗುತ್ತಿದೆ. ಹಾಕುವ ಮುಂಚೆ ಒಂದೊಂದನ್ನೂ ಕಿವಿಗೆ ಒತ್ತಿ ಹಿಡಿದು ಹತ್ತು ಸಲ ಕೇಳುತ್ತೇನೆ.

ಮೊನ್ನೆ ಬೀಜ ಹುರಿಯುವುದನ್ನು ಹಿಡಿಯುತ್ತಿದ್ದೆ. ನಮ್ಮ ಹಳೆಯ ಗಿರಾಕಿ ಅಜ್ಜಿಯೊಬ್ಬರು ಮೆಟ್ಟಿಲ ಬಳಿ ಬಂದವರು ನನ್ನ ಕೈಯಲ್ಲಿದ್ದ ಫೋನು ನೋಡಿ ಅಲ್ಲೇ ನಿಂತರು. ಫೋನು ಒಳಗಿಟ್ಟೆ. ಆದರೂ ಮೇಲೆ ಬರಲಿಲ್ಲ.

ಅಪ್ಪ ನನ್ನ ಮುಖ ನೋಡದೆ ಹೇಳಿದರು: "ಮಗಾ, ಒಸಿ ಹೊರಗಡೆ ನಿಂತ್ಕೋ."

ನಾನು ಇಳಿದು ರಸ್ತೆಯಲ್ಲಿ ನಿಂತೆ. ಅಜ್ಜಿ ಒಳಗೆ ಹೋದರು. ಗೋಡೆಯ ಮೇಲಿನ ನನ್ನ ಸರ್ಟಿಫಿಕೇಟಿನ ಕೆಳಗೆ ಅಪ್ಪ ಅವರ ಕಡೆ ಬಗ್ಗಿ ಏನೋ ಕೇಳಿದರು. ಅಲ್ಲಿಂದ ನನಗೆ ಕೇಳಿಸಲಿಲ್ಲ.