ಕಣ್ಣೊಳಗಿನ ಹಮಾಲ

ಹೊತ್ತು ಮುಳುಗುವ ಮುನ್ನ ನೀಲಾಂಬಿಕಾ ಮನೆಯ ಸಾಮಾನುಗಳನ್ನೆಲ್ಲ ಅವುಗಳ ಜಾಗಕ್ಕೆ ಸೇರಿಸುತ್ತಾಳೆ. ನೀರಿನ ಕೊಡ ಬಾಗಿಲ ಎಡಕ್ಕೆ, ಕುರ್ಚಿ ಗೋಡೆಗೆ ತಾಗಿ, ಚಪ್ಪಲಿ ಹೊಸ್ತಿಲ ಒಳಗೆ. ಆಮೇಲೆ ದೇವರ ಮುಂದೆ ದೀಪ ಹಚ್ಚಿ, ಕಣ್ಣು ಮುಚ್ಚಿಕೊಂಡು ಮನೆಯೆಲ್ಲ ಒಂದು ಸುತ್ತು ಓಡಾಡಿ ನೋಡುತ್ತಾಳೆ. ಜ್ವರ ಬಂದ ದಿನವೂ, ನೆಂಟರಿದ್ದ ದಿನವೂ ಇದು ತಪ್ಪಿಲ್ಲ. ದುಂಡಸಿ ಊರಿನ ಹೆಂಗಸರು ಇದನ್ನು ಅಚ್ಚುಕಟ್ಟುತನವೆಂದು ಹೊಗಳುತ್ತಿದ್ದರು. ಮಬ್ಬುಗತ್ತಲಾದರೆ ಅವಳಿಗೆ ಏನೂ ಕಾಣುವುದಿಲ್ಲ ಎಂಬುದು ಗಂಡ ಚನ್ನೇಶನಿಗೆ ಮಾತ್ರ ಗೊತ್ತಿತ್ತು.

ಅವಳು ಅಂಗನವಾಡಿ ಶಿಕ್ಷಕಿ. ಆರು ತಿಂಗಳಿಗೊಮ್ಮೆ ನರ್ಸ್ ತರುವ ವಿಟಮಿನ್ ಎ ಔಷಧಿಯನ್ನು ಮಕ್ಕಳ ಗಲ್ಲ ಹಿಡಿದು ಚಮಚದಿಂದ ಕುಡಿಸುವವಳು ಅವಳೇ. ‘ಕಣ್ಣಿಗೆ ಚಲೋ’ ಎಂದು ಮನೆಮನೆಗೆ ಹೇಳಿಬರುವವಳೂ ಅವಳೇ. ಹಾಗೆ ಹೇಳುವ ಬಾಯಿಂದ ತನ್ನ ಕಣ್ಣಿನ ಸುದ್ದಿ ತೆಗೆಯುವುದು ಹೇಗೆ? ಸುಮ್ಮನಿದ್ದಳು.

ಕಳೆದ ಮಳೆಗಾಲದಲ್ಲಿ ತಾಯಂದಿರ ಸಭೆ ಮುಗಿಯುವಷ್ಟರಲ್ಲಿ ಕತ್ತಲಾಯಿತು, ಕರೆಂಟೂ ಹೋಯಿತು. ಹೊರಟ ನೀಲಾಂಬಿಕಾ ಅಂಗಳದಲ್ಲಿ ಮಲಗಿದ್ದ ಎಮ್ಮೆಯ ಮೇಲೆಯೇ ಬಿದ್ದಳು. ಎಮ್ಮೆ ಗಾಬರಿಯಿಂದ ಎದ್ದಿತು, ಎಲ್ಲರೂ ನಕ್ಕರು. ಆದರೆ ಅವಳು ಎದ್ದು, ಪಕ್ಕದಲ್ಲೇ ಇದ್ದ ಗೋಡೆಗಾಗಿ ಗಾಳಿಯಲ್ಲಿ ತಡಕಾಡಿದಾಗ ನಗು ನಿಂತಿತು.

“ಅಯ್ಯ ಟೀಚರ್, ನಮ್ಮ ಮಕ್ಕಳಿಗೆ ಕುಡಸೂದನ್ನ ನೀವೂ ಒಂದ್ ಚಮಚಾ ಕುಡೀಬಾರದಾಗಿತ್ತೇನ?” ಎಂದಳು ಎಮ್ಮೆಯ ಒಡತಿ, ಅಂಗನವಾಡಿ ಪಕ್ಕದ ಮನೆಯ ಉಡಚವ್ವ. “ನನ್ನ ಎಮ್ಮಿ ಏನ ಸಾಸಿವಿಕಾಳ ಐತೇನ, ಕಾಣದಿರಾಕ?”

ಮಾತು ಊರೆಲ್ಲ ಸುತ್ತಿತು. ಮುಂದಿನ ಸಲ ನರ್ಸ್ ಬಂದಾಗ ಮಕ್ಕಳೇ ಬರಲಿಲ್ಲ; ಔಷಧಿ ಅಂಗನವಾಡಿಯಲ್ಲೇ ಉಳಿಯಿತು. ಶಾಹೀನಳ ಪುಟ್ಟ ಮಗಳು ಗುಲ್ನಾಜ ದಡಾರದಿಂದ ಎದ್ದು ಸೊರಗಿದ್ದಳು, ಕಣ್ಣು ಒಣಗತೊಡಗಿದ್ದವು. ಕಣ್ಣು ಉಳಿಯಬೇಕಾದರೆ ಈ ಔಷಧಿ ಕುಡಿಸಲೇಬೇಕು ಎಂದು ದವಾಖಾನೆಯ ಡಾಕ್ಟರು ಹೇಳಿದ್ದರು. ಶಾಹೀನಳ ಅತ್ತೆ ರಹಿಮಾಬಿ ನೀಲಾಂಬಿಕಾಳನ್ನು ಬಾಗಿಲಲ್ಲೇ ತಡೆದಳು.

“ಕುಡಸೋರ ಕಣ್ಣಿಗೇ ಹತ್ತದ್ದು ನನ್ನ ಮೊಮ್ಮಗಳಿಗೆ ಏನ ಹತ್ತತೈತ್ರಿ? ಬ್ಯಾಡ, ಹೋಗ್ರಿ.”

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನೀಲಾಂಬಿಕಾ ಹಿಂದೆಯೇ ಪರೀಕ್ಷೆಗೆ ರಕ್ತ ಕೊಟ್ಟಿದ್ದಳು. ಫಲಿತಾಂಶ ಬಂದಿದೆ ಎಂದು ಅವರು ಫೋನು ಮಾಡಿದರೂ ಹೆದರಿ ಹೋಗಿರಲಿಲ್ಲ. ರಹಿಮಾಬಿಯ ಬಾಗಿಲಿಂದ ಮನೆಗೆ ಬಂದವಳೇ ಚನ್ನೇಶನಿಗೆ ಹೇಳಿದಳು: “ನಾಳೆ ಮೊದಲನೇ ಬಸ್ಸಿಗೆ ಹೋಗೂಣು.”

ಅಲ್ಲಿ ಮಂಜುಳಾ ಎಂಬ ಸಂಶೋಧಕಿ ತಾಳ್ಮೆಯಿಂದ ವಿವರಿಸಿದಳು. ನೀಲಾಂಬಿಕಾಳ ರಕ್ತದಲ್ಲಿ ವಿಟಮಿನ್ ಎ ಬೇಕಾದಷ್ಟಿದೆ. ಕಣ್ಣಿನ ಜೀವಕೋಶದೊಳಗೆ ಅದನ್ನು ಹೊತ್ತೊಯ್ಯುವ ಪ್ರೋಟೀನು ಮಾತ್ರ ಹುಟ್ಟಿನಿಂದಲೇ ಸರಿಯಿಲ್ಲ. ಖಾತ್ರಿಗಾಗಿ ಮನುಷ್ಯರ ಆ ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಇಟ್ಟು, ಅದರಿಂದಲೇ ಪ್ರೋಟೀನು ಮಾಡಿಸಿದ್ದರು. ಒಂದು ಕೊಳವೆಯಲ್ಲಿ ಸರಿಯಾದದ್ದು, ಇನ್ನೊಂದರಲ್ಲಿ ನೀಲಾಂಬಿಕಾಳಲ್ಲಿ ಇರುವಂಥದ್ದು. ಎರಡಕ್ಕೂ ವಿಟಮಿನ್ ಎ ಬೆರೆಸಿ, ಕೋಣೆಯನ್ನು ಕತ್ತಲೆ ಮಾಡಿ, ಮಂಜುಳಾ ನೇರಳಾತೀತ ದೀಪ ಹಿಡಿದಳು. ವಿಟಮಿನ್ನನ್ನು ಹಿಡಿದುಕೊಂಡ ಪ್ರೋಟೀನು ಹೊಳೆಯಬೇಕು.

ನೀಲಾಂಬಿಕಾಳಿಗೆ ಕೊಳವೆಗಳೇ ಕಾಣಲಿಲ್ಲ. “ಏನ ಆಗಾಕತ್ತೇತಿ, ಹೇಳಬಾರದ?” ಎಂದು ಗಂಡನ ತೋಳು ಹಿಡಿದಳು.

“ಒಂದ ನೀಲಿ ಹೊಳ್ಯಾಕತ್ತೇತಿ. ಇನ್ನೊಂದ ಸುಮ್ನ ಕುಂತೇತಿ.”

“ಸುಮ್ನ ಕುಂತದ್ದು ನಂದು, ಹೌದಿಲ್ಲೋ?”

ಹೌದೆಂಬಂತೆ ಚನ್ನೇಶ ಅವಳ ಕೈ ಅದುಮಿದ. ನೀಲಾಂಬಿಕಾ ಕತ್ತಲಿಗೇ ಕೇಳಿದಳು: “ಹಂಗಾರ ಆ ಚಲೋದನ್ನ ನನ್ನ ಕಣ್ಣಿಗೆ ಒಂದ ಹನಿ ಬಿಡ್ರಿ.”

“ಇದು ಪರೀಕ್ಷೆಗಷ್ಟರೀ ಅಕ್ಕಾರ. ಹೊರಗಿಂದ ಹಾಕಿದ್ರ ಜೀವಕೋಶದ ಒಳಗ ಹೋಗಂಗಿಲ್ಲ. ಸದ್ಯ ನಿಮಗ ಕೊಡಾಕ ನಮ್ಮ ಕಡೆ ಔಷಧಿ ಇಲ್ರಿ.”

ನೀಲಾಂಬಿಕಾ, “ನಮ್ಮೂರ ಮಕ್ಕಳ ಒಳಗ ಇದು ಸರಿ ಇರತೈತಿಲ್ರಿ?” ಎಂದಳು.

“ಇಂಥಾ ತೊಂದರಿ ಭಾಳ ಅಪರೂಪರಿ. ಆ ಮಕ್ಕಳಿಗೆ ಬೇಕಾದ್ದು ವಿಟಮಿನ್ನ.”

“ಅಷ್ಟ ಸಾಕು, ಲೈಟ್ ಹಚ್ರಿ.”

ಊರಿಗೆ ಮರಳಿ ಅವಳು ತಾಯಂದಿರನ್ನು ಹೊತ್ತು ಮುಳುಗಿದ ಮೇಲೆಯೇ ಸಭೆಗೆ ಕರೆದಳು. ಚನ್ನೇಶ ಬೇಡವೆಂದರೂ ಕೇಳಲಿಲ್ಲ. ಅವಳ ನೆರೆಮನೆಯ ನಾನೂ ಹೋಗಿ ಹಿಂದೆ ಕುಳಿತಿದ್ದೆ; ಆಸ್ಪತ್ರೆಯ ಸಂಗತಿಯನ್ನು ಅವಳು ನನಗೆ ಹೇಳಿದ್ದು ಆಮೇಲೆ. ನೀಲಾಂಬಿಕಾ ಅಂಗನವಾಡಿಯ ದೀಪ ಆರಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ನಂಗ ಈಗ ನೀವ್ಯಾರೂ ಕಾಣಂಗಿಲ್ಲ. ಹುಟ್ಟಿದಾಗಿಂದ ಹಿಂಗ. ಇಷ್ಟ ದಿನ ಮುಚ್ಚಿಟ್ಟೆ, ಇನ್ನ ಮುಚ್ಚಿಡಂಗಿಲ್ಲ. ನಗೋರು ನಕ್ಕಬಿಡ್ರಿ.”

“ಎಮ್ಮಿ ಕಟ್ಟಿ ಬಂದೇನಿ, ಚಿಂತಿ ಮಾಡಬ್ಯಾಡ್ರಿ,” ಎಂದಳು ಉಡಚವ್ವ. ನಗು ಎದ್ದಿತು. ನೀಲಾಂಬಿಕಾಳೂ ನಕ್ಕಳು. ನಂತರ ಧ್ವನಿ ಬಂದ ಕಡೆಗೆಲ್ಲ ಮುಖ ತಿರುಗಿಸುತ್ತ, “ರಹಿಮಾಬಿ ಎಲ್ಲಿ ಕುಂತೀರಿ?” ಎಂದು ಕೇಳಿದಳು.

“ಇಲ್ಲೇ ಅದೇನಿ.”

“ನಿಮ್ಮ ಮನಿಯವರು ಖಲಂದರಸಾಬ್ರು ಶಿಗ್ಗಾವಿ ಗೋದಾಮಿನಾಗ ಹಮಾಲರಾಗಿದ್ರಲ್ಲ. ಹಮಾಲರು ಕೆಲಸ ನಿಲ್ಲಿಸಿದಾಗ ಏನಾತು?”

ರಹಿಮಾಬಿಯ ಧ್ವನಿ ಏರಿತು. “ಏನಾಗೂದೈತಿ? ಗೋವಿನಜೋಳದ ಲಾರಿ ಮ್ಯಾಲ ಲಾರಿ ಬಂದ್ವು. ಚೀಲ ಹೊತ್ತ ಒಳಗ ಒಯ್ಯೋರ ಇಲ್ಲ. ಮಳಿಗೆ ತೊಯ್ದು ಅಲ್ಲೇ ಮೊಳಕಿ ಬಂದ್ವು.”

“ನನ್ನ ಕಣ್ಣೂ ಅದ ಗೋದಾಮರಿ. ಮಾಲು ಬಾಗಿಲತನಾ ಬಂದೈತಿ, ಒಳಗ ಒಯ್ಯೋ ಹಮಾಲ ಇಲ್ಲ. ಗುಲ್ನಾಜನ ಒಳಗ ಹಮಾಲ ಗಟ್ಟಿಮುಟ್ಟ ಅದಾನ. ಖಾಲಿ ಕೈಲೆ ಲಾರಿ ಹಾದಿ ಕಾಯಾಕತ್ತಾನ. ನೀವು ಲಾರಿ ತಡದು ನಿಂತೀರಿ.”

ಕತ್ತಲಲ್ಲಿ ಗುಲ್ನಾಜ ಮುಲುಗಿದ್ದು ಕೇಳಿಸಿತು. ರಹಿಮಾಬಿ ಮೆಲ್ಲನೆ ಸೊಸೆಗೆ, “ಶಾಹೀನ, ನಾಳೆ ಮುಂಜಾನೆ ಕರ್ಕೊಂಬಾ,” ಎಂದಳು. ಆಮೇಲೆ ಜೋರಾಗಿ, “ಚಮಚಾ ಮಾತ್ರ ಟೀಚರ್ ಕೈಲೆ ಹಿಡೀಬೇಕು. ಬ್ಯಾರೇದೋರು ಬ್ಯಾಡ.”

ಸಭೆ ಚದುರಿತು. ಗೇಟಿನ ಬಳಿ ಪಂಚಾಯಿತಿ ಸದಸ್ಯ ಶಂಭುಲಿಂಗ ಬೈಕಿನ ಪಕ್ಕ ನಿಂತಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದ.

“ಅಕ್ಕಾರ, ಎಲ್ಲಾ ಕೇಳಿದೆ. ಹಿಂಗ ಊರಾಗ ಕಷ್ಟಪಡೂದ ಯಾಕರಿ? ಶಿಗ್ಗಾವಿಯಾಗ ನನ್ನ ಪರಿಚಯದೋರು ಅದಾರ. ಆಫೀಸಿನಾಗ ಕುಂತ ಮಾಡೂ ಕೆಲಸಾ ಕೊಡಸ್ತೇನಿ. ಅಲ್ಲಿ ನಿಮ್ಮ ಕಣ್ಣಿನ ಸುದ್ದಿ ಯಾರಿಗೂ ಗೊತ್ತಿರಂಗಿಲ್ಲ.”

“ಬ್ಯಾಡ್ರಿ,” ಎಂದಳು ನೀಲಾಂಬಿಕಾ. “ಗೊತ್ತಿಲ್ಲದೋರ ನಡುವ ಮತ್ತ ಮುಚ್ಚಿಡೂದ ಸುರು ಆಕ್ಕೈತಿ. ಇಲ್ಲಿ ಈಗರ ಮುಗದೈತಿ.”

“ಆತು, ಮನೀತನಾ ಗಾಡಿನರ ಹತ್ರಿ.”

“ಅದೂ ಬ್ಯಾಡ. ಇಷ್ಟ ವರ್ಷ ಯಾರೂ ನೋಡಬಾರದಂತ ಹೊತ್ತ ಮುಳುಗೂದರೊಳಗ ಮನೀ ಸೇರತಿದ್ದೆ. ಇವತ್ತ ಎಲ್ಲಾರೂ ನೋಡ್ಲಿ.”

ಹಾಗೆಂದು ಬಲಗೈ ಚಾಚಿ ಉಡಚವ್ವನ ಮನೆಯ ಗೋಡೆ ಮುಟ್ಟಿಕೊಂಡು, ಓಣಿಯ ನಡುವೆ ಮಾತಾಡುತ್ತ ನಿಂತವರ ಮುಂದೆಯೇ ನಡೆಯತೊಡಗಿದಳು.