‘ಕಳುಹಿಸಲಾಯಿತು’ ಎಂಬ ಮಾತಿನ ಮೇಲಿನ ಹಗೆ

ಬಸ್ ಡಿಪೋದಲ್ಲಿ ಎಲ್ಲರೂ ಅವಳನ್ನು ಚುಟುಕಮ್ಮ ಎನ್ನುತ್ತಿದ್ದರು. ಮ್ಯಾನೇಜರನ ಕೋಣೆಯ ಹೊರಗೆ ಕೂತು ಅವನ ಪತ್ರಗಳನ್ನು ಟೈಪ್ ಮಾಡುವುದು ಅವಳ ಕೆಲಸ. ರಜೆ ಬೇಕಿದ್ದರೆ ‘ನಾಳೆ ಬರಲ್ಲ’ ಎನ್ನುವಳು. ಮದುವೆ ಯಾಕಾಗಲಿಲ್ಲ ಎಂದು ಕೆದಕಿದವರಿಗೆ ‘ಆಗಲಿಲ್ಲ’. ಇವಳಿಂದ ಮಾತು ಹೊರಡಿಸುವುದೂ ಒಂದೇ, ಕಲ್ಲಿನಿಂದ ನಾರು ತೆಗೆಯುವುದೂ ಒಂದೇ ಎಂದು ಕಂಡಕ್ಟರುಗಳು ನಗುತ್ತಿದ್ದರು.

ಹುಡುಗಿಯಾಗಿದ್ದಾಗ ಅವಳು ಹಾಗಿರಲಿಲ್ಲ, ಮನೆಯಲ್ಲಿ ವಟವಟ ಎನ್ನುತ್ತಿದ್ದವಳು. ಬಾಯಿ ಕಟ್ಟಿದ್ದು ಅಣ್ಣನ ಕೆಲಸ ಹೋದ ವರ್ಷ. ಅಣ್ಣ ಇದೇ ಡಿಪೋದಲ್ಲಿ ಮೆಕ್ಯಾನಿಕ್. ಒಂದು ಬಸ್ಸಿನ ಬ್ರೇಕ್ ಹಿಡಿಯುತ್ತಿಲ್ಲ, ಹೊರಗೆ ಬಿಡಬೇಡಿ ಎಂದಿದ್ದ. ಬಾಯಲ್ಲಿ ಹೇಳಿದ್ದನೇ ಹೊರತು ಬರೆದುಕೊಟ್ಟಿರಲಿಲ್ಲ. ಆಗ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದವನು ಈಗಿನ ಮ್ಯಾನೇಜರ್. ಒಂದು ಸುತ್ತು ಹೋಗಿ ಬರಲಿ ಎಂದ. ಬಸ್ಸು ಇಳಿಜಾರಿನಲ್ಲಿ ಅಂಗಡಿಯೊಂದಕ್ಕೆ ನುಗ್ಗಿತು. ಆಮೇಲೆ ಅವನೇ ಬರೆಸಿದ ನಾಲ್ಕು ಪುಟದ ವರದಿ ಬಂತು. ‘ತಪಾಸಣೆ ನಡೆಸಲಾಗಿತ್ತು’, ‘ವಾಹನವನ್ನು ಕಳುಹಿಸಲಾಯಿತು’, ‘ಲೋಪವನ್ನು ಗಮನಿಸಲಾಗಲಿಲ್ಲ’. ಮಾಡಿದವರು ಯಾರೆಂದು ಪುಟ ಪುಟ ಜಾಲಾಡಿದರೂ ಸಿಗುತ್ತಿರಲಿಲ್ಲ. ಇದ್ದುದು ಒಂದೇ ಹೆಸರು, ಕಡೆಯ ಸಾಲಿನಲ್ಲಿ, ಅಣ್ಣನದು. ಅಪ್ಪ ಅವನೊಡನೆ ಮಾತು ಬಿಟ್ಟವರು ಮಾತಾಡದೆಯೇ ತೀರಿಕೊಂಡರು.

ಆ ವರದಿಯ ಪ್ರತಿಯನ್ನು ಬಾಯಿಪಾಠವಾಗುವಷ್ಟು ಸಲ ಓದಿ, ಅವಳು ಟೈಪಿಂಗ್ ಕಲಿತು, ಅದೇ ಡಿಪೋಗೆ ಸೇರಿದಳು. ಯಾರ ತಂಗಿ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮ್ಯಾನೇಜರನದು ಒಂದು ಪಂಕ್ಚರಿಗೆ ಒಂದು ಪುಟ ಬರೆಸುವ ಜಾಯಮಾನ. ಅವನ ಉದ್ದುದ್ದ ಪತ್ರಗಳನ್ನು ಮುಖ್ಯ ಕಚೇರಿ ಹಿಂದಕ್ಕೆ ಕಳಿಸತೊಡಗಿತು. ಚುಟುಕಮ್ಮ ಅವನ್ನು ನಾಲ್ಕೈದು ಸಾಲಿಗೆ ಇಳಿಸಿದಳು. ಮೇಲಿನವರು ಮೆಚ್ಚಿದರು. ಮೊದಮೊದಲು ಓದಿ ಸಹಿ ಹಾಕುತ್ತಿದ್ದವನು ಬರಬರುತ್ತ ಓದುವುದನ್ನೇ ಬಿಟ್ಟ. ಅವಳಿಗೆ ಬೇಕಾಗಿದ್ದುದೂ ಅದೇ. ಒಂಬತ್ತು ವರ್ಷ ಒಂದು ಅಕ್ಷರ ತಪ್ಪದೆ ದುಡಿದು ಆ ನಂಬಿಕೆಯನ್ನು ಮೇಯಿಸಿ ಕೊಬ್ಬಿಸಿದಳು.

ಹತ್ತನೆಯ ವರ್ಷ, ಒಂದು ಬೆಳಗ್ಗೆ, ಬೇರೊಬ್ಬ ಮೆಕ್ಯಾನಿಕ್ ಬ್ರೇಕ್ ಕೆಟ್ಟಿದೆಯೆಂದು ಚೀಟಿ ಬರೆದುಕೊಟ್ಟ. ಆದರೂ ಬಸ್ಸು ಹೊರಟಿತು. ಗೇಟು ದಾಟಿ ಎರಡನೆಯ ತಿರುವಿನಲ್ಲೇ ಗೋಡೆಗೆ ಗುದ್ದಿತು. ಮ್ಯಾನೇಜರ್ ಕೋಣೆಯಲ್ಲಿ ಶತಪಥ ಹಾಕುತ್ತ ಒಂದೂವರೆ ಗಂಟೆ ವರದಿ ಹೇಳಿ ಬರೆಸಿದ. ನಡುವೆ ನಿಂತು, “ಚೀಟಿ ಓದಿದ್ದೆ ಕಣಮ್ಮ. ಆ ರೂಟಿಗೆ ಇರೋದೇ ನಾಲ್ಕು ಬಸ್ಸು, ಕಳಿಸಿ ಅಂದೆ. ಅದೆಲ್ಲ ಬರೀಬೇಡ, ‘ಕಳುಹಿಸಲಾಯಿತು’ ಅಂತ ಹಾಕು,” ಎಂದ.

ಅವಳು ತಲೆಯಾಡಿಸಿ, ಮೇಜಿಗೆ ಬಂದು ಟೈಪ್ ಮಾಡಿದಳು: ‘ಬ್ರೇಕ್ ಕೆಟ್ಟಿದೆ ಎಂದು ಮೆಕ್ಯಾನಿಕ್ ಚೀಟಿ ಕೊಟ್ಟ. ನಾನು ಓದಿದೆ. ಬಸ್ಸನ್ನು ನಾನೇ ಕಳುಹಿಸಿದೆ. ಅದು ಗೋಡೆಗೆ ಗುದ್ದಿತು. ಚಾಲಕನ ಕಾಲು ಮುರಿಯಿತು.’

ಊಟಕ್ಕೆ ಏಳುತ್ತಿದ್ದವನ ಮುಂದೆ ಹಾಳೆ ಇಟ್ಟಳು. ಅವನು ನಿಂತಲ್ಲೇ ಸಹಿ ಗೀಚಿದ.

ವಿಚಾರಣೆಯ ದಿನ ಅವನು, ಇವಳು ನನ್ನ ಕುತ್ತಿಗೆ ಕೊಯ್ದಳು ಎಂದು ಕೂಗಾಡಿದ. ಮುಖ್ಯ ಕಚೇರಿಯಿಂದ ಬಂದಿದ್ದ ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡು, ಹಾಳೆಯನ್ನು ಅವನ ಕಡೆ ತಿರುಗಿಸಿದರು.

“ಇದರಲ್ಲಿ ಸುಳ್ಳು ಯಾವುದು, ಬೆರಳಿಟ್ಟು ತೋರಿಸಿ.”

ಅವನು ಸಾಲುಗಳ ಮೇಲೆ ಬೆರಳಾಡಿಸಿದ. ಮೆಕ್ಯಾನಿಕ್ ಚೀಟಿಯ ಪ್ರತಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಬೆರಳು ಎಲ್ಲಿಯೂ ಊರಲಿಲ್ಲ.

ಕೆಲಸ ಕಳೆದುಕೊಂಡವನು ಡಬ್ಬಕ್ಕೆ ಸಾಮಾನು ತುಂಬಿಕೊಂಡು ಹೋಗುವಾಗ ಅವಳ ಮೇಜಿನ ಬಳಿ ನಿಂತು, ನಿನಗೆ ನಾನೇನು ಅನ್ಯಾಯ ಮಾಡಿದ್ದೆ ಎಂದು ಕೇಳಿದ. ತಾನು ಯಾರ ತಂಗಿ ಎಂದು ಅವಳು ಹೇಳಿದಳು. ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ.

“ಯಾವ ಮೆಕ್ಯಾನಿಕ್?”

ನಾಟಕವಲ್ಲ, ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ಅಣ್ಣನ ಬದುಕು ಮಣ್ಣುಪಾಲು ಮಾಡಿದವನು ಅದನ್ನು ಮರೆತೂ ಬಿಟ್ಟಿದ್ದ.

“ಕೂತ್ಕೊಳ್ಳಿ,” ಎಂದಳು.

ಅವನು ಕೂತ. ಅವಳು ಶುರು ಮಾಡಿದಳು. ಅಣ್ಣ ಅಂದು ಹೇಳಿದ ಮಾತು, ಆ ನಾಲ್ಕು ಪುಟದ ಪ್ರತಿ ಸಾಲು, ಅಪ್ಪ ಕಡೆಯ ದಿನಗಳಲ್ಲಿ ಮಗನತ್ತ ಬೆನ್ನು ಮಾಡಿ ಮಲಗುತ್ತಿದ್ದ ರೀತಿ, ಯಾವುದನ್ನೂ ಬಿಡಲಿಲ್ಲ. ಕಂಡಕ್ಟರುಗಳು ಬಾಗಿಲಲ್ಲಿ ಗುಂಪುಗೂಡಿ, ಇವಳಿಗೆ ಇಷ್ಟು ಮಾತು ಬರುತ್ತದೆಯೇ ಎಂದು ಬೆರಗಾದರು. ಅವನು ಎರಡು ಸಲ ಎದ್ದ, ಎರಡು ಸಲವೂ ಕೂರಿಸಿದಳು.

ಸಂಜೆ ಅಣ್ಣನ ಸ್ಕೂಟರ್ ರಿಪೇರಿ ಶೆಡ್ಡಿಗೆ ಹೋಗಿ ನಡೆದುದನ್ನೆಲ್ಲ ಹೇಳಿದಳು. ಅಣ್ಣ ಎಣ್ಣೆಗೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡ. ಆಗಿದ್ದು ಆಯ್ತು, ಇನ್ನು ಬಿಟ್ಟುಬಿಡು ಎಂದ. ಅವಳು ಬಿಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಮ್ಯಾನೇಜರ್ ಬೆರಳಿಡಲಾಗದೆ ತಡವರಿಸಿದ ಭಾಗವನ್ನು ಇನ್ನೊಮ್ಮೆ, ಮೊದಲಿನಿಂದ, ನಿಧಾನವಾಗಿ ಹೇಳತೊಡಗಿದಳು.