ಕ್ಲಬ್ಬಿನ ಫೋಟೊಗಳಲ್ಲಿ ಇಲ್ಲದ ಅಮ್ಮ

ನಮ್ಮ ಹೊಳೆನರಸೀಪುರದ ಸೇವಾ ಕ್ಲಬ್ಬಿಗೆ ಐವತ್ತು ತುಂಬುತ್ತದೆ, ಸ್ಮರಣ ಸಂಚಿಕೆ ತರುತ್ತೇವೆ, ಇತಿಹಾಸ ನೀವೇ ಬರೆದುಕೊಡಬೇಕು ಎಂದು ಈಗಿನ ಅಧ್ಯಕ್ಷ ಹಾಸನದ ನಮ್ಮ ಮನೆಗೆ ಬಂದು ಕೂತ. ಒಂದು ಕಾಲದಲ್ಲಿ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತು ನಿದ್ದೆ ಹೊಡೆಯುತ್ತಿದ್ದವನು.

"ನೀವ್ ಕನ್ನಡ ಪಾಠ ಮಾಡ್ದೋರು ಮೇಡಂ. ನಮ್ ಕೈಲಿ ಬ್ಯಾನರ್‌ಗೆ ನಾಲ್ಕು ಲೈನ್ ಬರ್ಯೋಕೂ ಆಗಲ್ಲ."

"ಅದು ನನಗೆ ಗೊತ್ತಿಲ್ಲದ್ದೇನಪ್ಪ?" ಎಂದೆ. ಅವನು ಸ್ವಲ್ಪವೂ ಬೇಜಾರು ಮಾಡಿಕೊಳ್ಳದೆ ನಡಾವಳಿ ಪುಸ್ತಕಗಳನ್ನೂ ಮೂರು ಆಲ್ಬಮ್ಮುಗಳನ್ನೂ ಟೀಪಾಯಿ ಮೇಲೆ ಪೇರಿಸಿ ಎದ್ದುಹೋದ.

ಒಪ್ಪಿಕೊಂಡದ್ದು ಕ್ಲಬ್ಬಿನ ಮೇಲಿನ ಪ್ರೀತಿಯಿಂದಲ್ಲ. ಆ ಆಲ್ಬಮ್ಮುಗಳಲ್ಲಿ ಎಲ್ಲಾದರೂ ಅಮ್ಮ ಸಿಗಬಹುದು ಎಂಬ ಆಸೆಯಿಂದ. ಅಮ್ಮ ತೀರಿಹೋದಾಗ ನಾನಿನ್ನೂ ಹಾಸನದಲ್ಲಿ ಕಾಲೇಜಿಗೆ ಸೇರಿದ ಹೊಸತು. ಮನೆಯಲ್ಲಿ ಉಳಿದಿರುವುದು ಅವಳ ಮದುವೆಯ ಫೋಟೊ ಒಂದೇ. ಅದರಲ್ಲಿ ಅವಳು ತಲೆ ತಗ್ಗಿಸಿ ಕೂತಿದ್ದಾಳೆ, ಕಾಣುವುದು ಬೈತಲೆ ಮತ್ತು ಬಾಸಿಂಗ.

ಅಪ್ಪ ಹೈಸ್ಕೂಲು ಮೇಷ್ಟ್ರು, ಕ್ಲಬ್ಬಿನ ಮೊದಲ ಕಾರ್ಯದರ್ಶಿ. ಜವಳಿ ಅಂಗಡಿಯ ಸಾಹುಕಾರರು, ಒಬ್ಬ ವಕೀಲರು, ಒಬ್ಬ ಡಾಕ್ಟರು ಮತ್ತು ಅಪ್ಪ ಸೇರಿ ಅಂಗಡಿಯ ಮಹಡಿಯ ಮೇಲೆ ಅದನ್ನು ಶುರು ಮಾಡಿದ್ದರು. ಎಲ್ಲರಿಗೂ ಒಂದೊಂದು ಕೋಟು, ಮೇಜಿನ ಮೇಲೊಂದು ಹಿತ್ತಾಳೆ ಗಂಟೆ. ಅಧ್ಯಕ್ಷರು ಗಂಟೆ ಹೊಡೆಯದೆ ಸಭೆ ಶುರುವಾಗುವಂತಿಲ್ಲ, ಕಾಫಿ ಬರುವ ತನಕ ಯಾರೂ ಏಳುವಂತಿಲ್ಲ. ನಗು ಬರುತ್ತದೆ, ಆದರೆ ಕೆಲಸವನ್ನೂ ಮಾಡಿದರು. ಬಸ್ ಸ್ಟಾಂಡಿನಲ್ಲಿ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಿದರು. ಅದಾದ ಮೇಲೆ ವರ್ಷ ವರ್ಷವೂ ಅರಕಲಗೂಡಿನಲ್ಲಿ ಕಣ್ಣಿನ ಕ್ಯಾಂಪು ನಡೆಸಿದರು. ಹೊಗೆಸೊಪ್ಪಿನ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದವರು ಕಣ್ಣಿಗೆ ಪೊರೆ ಬಂದು ಜಗಲಿಯ ಮೇಲೆ ಕೂತುಬಿಟ್ಟಿದ್ದ ಕಾಲ ಅದು.

ದಸರಾ ರಜೆಯಲ್ಲಿ ಶಾಲೆಯ ಬೆಂಚುಗಳನ್ನು ಹೊರಗೆ ಹಾಕಿ ಕೋಣೆ ತುಂಬ ಚಾಪೆ ಹಾಸುತ್ತಿದ್ದರು. ಡಾಕ್ಟರುಗಳು ಹಾಸನದಿಂದ ಬರುತ್ತಿದ್ದರು. ಬೆಳಿಗ್ಗೆ ಆಪರೇಷನ್ ಆಗಿ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸು ಹತ್ತುವ ಈಗಿನ ಸುಖ ಆಗ ಇರಲಿಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ವಾರವಿಡೀ ಅಂಗಾತ ಮಲಗಿಸುತ್ತಿದ್ದರು. ಅವರಿಗೆಲ್ಲ ಗಂಜಿ ಕಾಯಿಸಿ ಬಾಯಿಗೆ ಹಾಕುವ ಕೆಲಸಕ್ಕೆ ಅಮ್ಮ ಹೋಗುತ್ತಿದ್ದಳು.

ಹಾಗಾಗಿ ಊರಿನ ಹುಡುಗಿಯರೆಲ್ಲ ಗೊಂಬೆ ಕೂರಿಸುವ ದಿನಗಳಲ್ಲಿ ನಮ್ಮ ಮನೆಗೆ ಬೀಗ. ನನ್ನನ್ನು ಚನ್ನರಾಯಪಟ್ಟಣದ ದೊಡ್ಡಮ್ಮನ ಮನೆಗೆ ಸಾಗಿಸುತ್ತಿದ್ದರು. ದೊಡ್ಡಮ್ಮ ಕೋಡುಬಳೆ ಕೊಟ್ಟು ಮುದ್ದು ಮಾಡಿದರೂ ನನ್ನ ಮೂಗಿನ ತುದಿಯಲ್ಲೇ ಕೋಪ. ಯಾರೋ ಗುರುತಿಲ್ಲದವರಿಗೆ ಗಂಜಿ ಕುಡಿಸಲು ನನ್ನನ್ನು ಬಿಟ್ಟುಹೋದಳಲ್ಲ ಎಂದು. ಕ್ಯಾಂಪು ಮುಗಿದ ದಿನ ಮಧ್ಯಾಹ್ನದ ಹೊತ್ತಿಗೆ ಅಮ್ಮ ಫಿನಾಯಿಲ್ ವಾಸನೆ ಹೊತ್ತು ಬರುತ್ತಿದ್ದಳು. ನಾನು ದೊಡ್ಡಮ್ಮನ ಸೆರಗಿನ ಹಿಂದೆ ನಿಂತು ಮುಖ ತಿರುಗಿಸುತ್ತಿದ್ದೆ. ಅಮ್ಮ ಮಾತಿನವಳಲ್ಲ. ಅಲ್ಲಿ ಏನು ಮಾಡಿದೆ ಎಂದು ಕೇಳಿದರೆ "ಇನ್ನೇನು, ಗಂಜಿ ಕಾಯಿಸಿದೆ" ಅಷ್ಟೆ. ಅಷ್ಟು ದಿನ ಅವಳಿಗೆ ನನ್ನ ನೆನಪಾದರೂ ಬರುತ್ತಿತ್ತೇ? ಇದನ್ನು ನಾನು ಕೇಳಲೇ ಇಲ್ಲ. ಕೇಳುವ ವಯಸ್ಸು ಬಂದಾಗ ಅವಳಿರಲಿಲ್ಲ.

ಆಲ್ಬಮ್ಮುಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಕ್ಯಾಂಪಿನ ಫೋಟೊಗಳೆಲ್ಲ ಪಟ್ಟಿ ಬಿಚ್ಚುವ ಕೊನೆಯ ದಿನದವು. ಕೋಟು ಹಾಕಿದ ಅಪ್ಪ, ಹಾರ ಹಾಕಿಸಿಕೊಂಡ ಮುಖ್ಯ ಅತಿಥಿ, ಬೆಳಕಿಗೆ ಕಣ್ಣು ಕಿರಿದು ಮಾಡಿದ ಮುದುಕರು. ಸಾಹುಕಾರರ ಹೆಂಡತಿ ಇದ್ದಾರೆ, ವಕೀಲರ ಹೆಂಡತಿ ಹೊಸ ಸೀರೆಯಲ್ಲಿ ಇದ್ದಾರೆ. ಯಾವ ವರ್ಷದ್ದರಲ್ಲೂ ಅಮ್ಮ ಇಲ್ಲ. ನಡಾವಳಿಯಲ್ಲಿ ಅಪ್ಪನದೇ ಗುಂಡು ಅಕ್ಷರದಲ್ಲಿ "ಸದಸ್ಯರ ಧರ್ಮಪತ್ನಿಯರು ಸಹಕರಿಸಿದರು" ಎಂಬ ಒಂದು ಸಾಲು. ಅಪ್ಪ ಈಗಿಲ್ಲ, ಇದ್ದಿದ್ದರೆ ಅವತ್ತು ಜಗಳವಾಡಿಬಿಡುತ್ತಿದ್ದೆ.

ಹಿಂದಿನ ಫಲಾನುಭವಿಗಳು ಯಾರಾದರೂ ಇದ್ದರೆ ಮಾತಾಡಿಸೋಣ ಎಂದು ಅಧ್ಯಕ್ಷ ಒಂದು ಭಾನುವಾರ ಕಾರು ತಂದ. ಅರಕಲಗೂಡು ದಾಟಿ ಒಂದು ಹಳ್ಳಿ. ಅಂಗಳದಲ್ಲಿ ಶುಂಠಿ ರಾಶಿ, ಅದರ ಪಕ್ಕ ಕುರ್ಚಿಯಲ್ಲಿ ತೊಂಬತ್ತರ ಹತ್ತಿರದ ಅಜ್ಜಿ.

"ಇವ್ರು ನಮ್ ಕ್ಲಬ್ಬಿನ ಪುಸ್ತ್ಕ ಬರೀತಾವ್ರೆ ಅಜ್ಜಿ, ಕಣ್ಣಿನ ಕ್ಯಾಂಪಿನ ವಿಷ್ಯ ಯೋಳಿ" ಎಂದು ಹೇಳಿ, ಅವನು ಫೋಟೊಗೆ ಒಳ್ಳೆ ಜಾಗ ಹುಡುಕಲು ಹೋದ. ನಾನು ಯಾರ ಮಗಳೆಂದು ಅಜ್ಜಿಗೆ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

"ಅಯ್ಯೋ, ಅದೇನ್ ಕೇಳೀಯವ್ವ," ಎಂದು ಅಜ್ಜಿ ಶುರು ಮಾಡಿತು. "ಕೆಮ್ಬಾರ್ದು, ಬಗ್ಬಾರ್ದು, ಅಳ್ಬಾರ್ದು. ಅತ್ರೆ ಕಣ್ಣು ಓಯ್ತದೆ ಅನ್ನೋರು. ನಂಗೋ ಮನೇಲಿ ಮಕ್ಳನ್ನ ಬಿಟ್ಟು ಬಂದಿರೋ ಸಂಕ್ಟ. ನಾನ್ ಬಿಕ್ಕುದ್ರೆ ಪಕ್ಕದ ಚಾಪೆಯೋಳೂ ಬಿಕ್ಕೋಳು. ಆಗ ಗಂಜಿ ಕುಡ್ಸೋ ಅವ್ವ ಬಂದು ನಮ್ ಮಧ್ಯ ಕುಂತ್ಕಂಡು ತನ್ ಮಗಳ ಕತೆ ತೆಗ್ಯೋಳು."

"ಮಗಳ ಕತೆನಾ?"

"ಊಂ ಕಣವ್ವ, ದಿನಾ ಒಂದು. ಭಾರೀ ಕಿಲಾಡಿಯಂತೆ ಆ ಹುಡ್ಗಿ. ಬದ್ನೆಕಾಯಿ ಅಂದ್ರೆ ಆಗ್ತಿರ್ನಿಲ್ವಂತೆ. ತಟ್ಟೇಲಿದ್ ಪಲ್ಯನೆಲ್ಲ ಅವರಪ್ಪನ ಕೋಟಿನ ಜೇಬ್ಗೆ ತುಂಬ್ಬುಟ್ಟವ್ಳೆ! ಅವ್ರು ಸಭೇಲಿ ಭಾಷ್ಣದ್ ಚೀಟಿ ತೆಗ್ಯಕ್ ಅಂತ ಜೇಬ್ಗೆ ಕೈ ಆಕುದ್ರೆ ಕೈ ತುಂಬ ಬದ್ನೆಕಾಯಿ. ನಾವ್ ನಕ್ಕಿದ್ದೇ ನಕ್ಕಿದ್ದು. ಡಾಕ್ಟ್ರು ಓಡ್ಬಂದು, ನಗ್ಲೂಬಾರ್ದು ಅಂತ ಆಯವ್ವಂಗೇ ಬೈದ್ರು."

ಮನೆಯಲ್ಲಿ ಎರಡು ಮಾತಿಗೆ ಮೂರನೆಯದು ಸೇರಿಸದ ನನ್ನ ಅಮ್ಮ ಅಲ್ಲಿ ಕೂತು ನನ್ನ ಪುರಾಣ ಹೇಳಿದ್ದಳು. ಪೆನ್ನು ಹಿಡಿದಿದ್ದೆ, ಒಂದಕ್ಷರ ಬರೆಯಲಿಲ್ಲ.

"ನೋಡೋಕೆ ಹೇಗಿದ್ರು ಅಜ್ಜಿ, ಅವರು?"

"ನೋಡಿದ್ರಲ್ವಾ ಯೋಳೋದು? ಪಟ್ಟಿ ಬಿಚ್ಚಿದ್ ದಿನ ಆಯವ್ವನ್ನೇ ಮೊದ್ಲು ನೋಡ್ಬೇಕು ಅಂತಿದ್ದೆ. ಇರ್ನೇ ಇಲ್ಲ. ಮಗಳನ್ನ ಚನ್ರಾಯ್ಪಟ್ನದಲ್ ಬುಟ್ಬಂದಿದ್ಲಂತೆ. ಇನ್ ನಾಲ್ಕ್ ದಿನ, ಇನ್ ಮೂರ್ ದಿನ ಅಂತ ನಮ್ ಮುಂದೆ ಲೆಕ್ಕ ಆಕೋಳು. ಆವತ್ತು ಬೆಳಕರಿತಿದ್ದಂಗೇ ಮೊದಲ್ನೇ ಬಸ್ಗೆ ಓಗ್ಬುಟ್ಟವ್ಳೆ. ದೊಡ್ ದೊಡ್ಡೋರೆಲ್ಲ ಬತ್ತಾರೆ, ಫೋಟೊ ತೆಗೀತಾರೆ, ನಿಂತ್ಕಳಿ ಅಂದ್ರೂ ಕೇಳ್ನಿಲ್ವಂತೆ."

ಅಷ್ಟು ವರ್ಷಗಳ ಫೋಟೊಗಳಲ್ಲಿ ಅಮ್ಮ ಯಾಕಿಲ್ಲ ಎಂದು ಆಗ ಗೊತ್ತಾಯಿತು. ಫೋಟೊ ತೆಗೆಯುವ ಹೊತ್ತಿಗೆ ಅವಳು ನನ್ನ ಬಳಿಗೆ ಬರುತ್ತಿದ್ದಳು, ಎರಡು ಬಸ್ಸು ಬದಲಿಸಿಕೊಂಡು. ಅವಳು ಬಂದು ನಿಂತಾಗ ನಾನು ಮುಖ ತಿರುಗಿಸಿದ್ದೆ. ಈ ವಯಸ್ಸಿನಲ್ಲಿ ನನಗೆ ಅಮ್ಮ ಬೇಕೆನಿಸಿತು, ತಡೆಯಲಾರದಷ್ಟು.

ಅಧ್ಯಕ್ಷ ದೂರದಿಂದ "ಮೇಡಂ, ಇಲ್ಲಿ ಬೆಳಕು ಚೆನ್ನಾಗದೆ, ಅಜ್ಜೀನ ಕರ್ಕಂಬನ್ನಿ" ಎಂದು ಕೂಗಿದ. ಅಜ್ಜಿ ಅತ್ತ ಗಮನವನ್ನೇ ಕೊಡಲಿಲ್ಲ.

"ಆ ಹುಡ್ಗಿ ಏನಾದ್ಲೋ," ಎಂದಿತು. "ಇಷ್ಟ್ ವರ್ಸ ಆದ್ರೂ ಬದ್ನೆಕಾಯಿ ಎಚ್ಚುವಾಗ್ಲೆಲ್ಲ ನೆಪ್ಪಿಗೆ ಬತ್ತಾಳೆ. ತಿನ್ನದ್ ಕಲ್ತ್ಲೋ ಇಲ್ವೋ. ಆಯವ್ವಂಗೆ ಅದೊಂದೇ ಯೋಚ್ನೆ."

"ಆ ಹುಡುಗಿ ನಾನೇ ಅಜ್ಜಿ," ಎಂದೆ. "ಕಲಿತೆ. ಹಾಸ್ಟೆಲ್ಲಿನಲ್ಲಿ ಕಲಿತೆ, ಅಮ್ಮ ತೀರಿಹೋದ ವರ್ಷ."